ಸೂರಿಗೆ ಸಿಕ್ಕಿಸಿದ ಮಗ್ಗು

ಗುಂಡಯ್ಯ ಎಸೆದ ರಾಗಿಮುದ್ದೆ ಗೋಡೆಗೆ ಬಡಿದು ಬಾಬಾಸಾಹೇಬರ ಫೋಟೋದ ಕೆಳಗೆ ಅಂಟಿಕೊಂಡಿತು. ಒಂದಿಷ್ಟು ಹೊತ್ತು ಅಲ್ಲೇ ಕೂತಿದ್ದು, ಬೇಸರ ಬಂದಂತೆ ನಿಧಾನಕ್ಕೆ ಜಾರಿ ನೆಲಕ್ಕೆ ಬಿತ್ತು. ತಟ್ಟೆಗೆ ಅಷ್ಟು ತಾಳ್ಮೆಯಿರಲಿಲ್ಲ. ಅದು ಆಗಲೇ ಮಗ ಶಿವರಾಜುವಿನ ಮೊಣಕಾಲಿಗೆ ಬಡಿದು, ಹೊಸಿಲು ಹಾರಿ, ಅಂಗಳದಲ್ಲಿ ಗಿರಗಿರ ತಿರುಗುತ್ತಿತ್ತು.

"ಇನ್ನೊಂದ್ಸಲ ಏಳ್ಲಾ. ಟ್ರಾಕ್ಟ್ರಲ್ಲಿ ಏನ್ ತುಂಬ್ಕ ಬತ್ತೀನಿ ಅಂದೆ?"

"ಗೊಬ್ಬರ ಕಣಪ್ಪ. ಪಟ್ಣದ ಗೊಬ್ಬರ."

"ಪಟ್ಣದೋರು ಏತಿದ್ದು ಅಂತ ಬಾಯ್ಬುಟ್ಟು ಏಳು. ಅದ್ಕೆ ಗೊಬ್ಬರ ಅಂತ ಎಸ್ರು ಮಡಗ್ಬುಟ್ರೆ ಮಲ್ಲಿಗೆ ಊವಾಯ್ತದಾ?"

"ನನ್ನೆಸ್ರು ಯಾಕೆ ಎಳೀತೀಯ ನಡೂಕೆ?" ಎಂದಳು ಒಲೆಯ ಮುಂದಿನಿಂದ ಅವನ ಹೆಂಡತಿ ಮಲ್ಲಿಗಮ್ಮ.

ಗುಂಡಯ್ಯ ಎದ್ದ. ಎಪ್ಪತ್ತು ದಾಟಿದ್ದರೂ ಗಣಿಯಲ್ಲಿ ಸುತ್ತಿಗೆ ಬೀಸಿದ ತೋಳು. ಮಗನ ಕೆನ್ನೆಗೆ ಬಿದ್ದ ಏಟಿನ ಸದ್ದಿಗೆ ಕೊಟ್ಟಿಗೆಯಲ್ಲಿದ್ದ ಎರಡೂ ಹಸುಗಳು ತಿರುಗಿ ನೋಡಿದವು. ನಲವತ್ತು ವರ್ಷದ ಮಗ ಕೆನ್ನೆ ಹಿಡಿದುಕೊಂಡು ನಿಂತ. ಸೊಸೆ ರಂಜಿನಿ ಅಂಗಳಕ್ಕಿಳಿದು ತಟ್ಟೆ ಎತ್ತಿ ತಂದಳು.

"ತಟ್ಟೆ ಸೊಟ್ಟಗಾಯ್ತು ಮಾವ. ಒಳ್ಳೇದೇ ಆಯ್ತು ಬುಡಿ, ಸಾರು ಒಂದೇ ಕಡೀಕೆ ನಿಂತ್ಕತದೆ."

"ಬಾಯ್ಮುಚ್ಚು. ಈ ದರಿದ್ರಾನ ಮನೇಗೆ ತಂದೋಳೇ ನೀನು."

ಅದು ನಿಜ. ತಂದವಳು ರಂಜಿನಿಯೇ.

ಬಾಗೂರಿನಾಚೆಯ ಈ ಕರಿಗುಡ್ಡನಹಳ್ಳಿಗೆ ಹೆಸರು ಮೊದಲು ಬಂತು, ಗುಡ್ಡ ಆಮೇಲೆ ಬಂತು. ಕ್ರೋಮೈಟ್ ಅದಿರು ತೆಗೆಯಲು ಬಂದ ಕಂಪನಿ, ಬೇಕಾದದ್ದನ್ನು ಲಾರಿಗೆ ತುಂಬಿ, ಬೇಡದ ಕಲ್ಲುಮಣ್ಣನ್ನು ಕೇರಿಯ ಹಿಂದೆ ಸುರಿಯಿತು. ಆಮೇಲೆ ಗಣಿ ಮುಚ್ಚಿತು. ಕಂಪನಿ ಗೇಟಿಗೆ ಹಾಕಿದ ಬೀಗವನ್ನೂ ಯಾರೋ ಗುಜರಿಗೆ ಹಾಕಿದರು. ಉಳಿದದ್ದು ಗುಡ್ಡ ಒಂದೇ. ಊರವರ ಬಾಯಲ್ಲಿ ಅದು ಡಂಪು. ಎಲ್ಲೆಂದರಲ್ಲಿ ಹುಟ್ಟುವ ಪಾರ್ಥೇನಿಯಂ ಕೂಡ ಅದರ ಮೇಲೆ ಹುಟ್ಟಲು ಒಪ್ಪಲಿಲ್ಲ. ಗಾಳಿ ಬೀಸಿದರೆ ಅದರ ಕರಿದೂಳು ಕೇರಿಯ ರಾಗಿಹಿಟ್ಟಿನಲ್ಲಿ ಸೇರಿ ಹಲ್ಲಿಗೆ ಕರಕರ ಸಿಗುತ್ತಿತ್ತು.

ಈ ಗುಡ್ಡಕ್ಕೆ ಹಸಿರು ಹಿಡಿಸುತ್ತೇನೆಂದು ಕೃಷಿ ಕಾಲೇಜಿನಿಂದ ದಿವ್ಯಾ ಮೇಡಂ ಬಂದರು. ಚನ್ನರಾಯಪಟ್ಟಣದ ಕೊಳಚೆ ನೀರನ್ನು ಶುದ್ಧಿ ಮಾಡಿದ ಮೇಲೆ ತಳದಲ್ಲಿ ಉಳಿಯುವ ಕೆಸರನ್ನು ಹದ ಮಾಡಿ ಒಣಗಿಸಿ ಡಂಪಿನ ಮೇಲೆ ಹರಡುವುದು, ಹುಲ್ಲು, ಲಾವಂಚ, ಹೊಂಗೆ ಹಾಕುವುದು, ಇದು ಲೆಕ್ಕಾಚಾರ. ಕೆಲಸ ಕೇರಿಯ ಹೆಂಗಸರ ಸಂಘಕ್ಕೆ. ಸಂಘದ ಅಧ್ಯಕ್ಷೆ ರಂಜಿನಿ. ದಸರಾ ಹೊತ್ತಿಗೆ ಹಸಿರು ನಿಂತಿದ್ದರೆ ಡಂಪನ್ನು ಸಂಘಕ್ಕೇ ವಹಿಸುತ್ತೇವೆ, ಹುಲ್ಲು ನಿಮ್ಮದು, ಹೊಂಗೆ ಬೀಜ ನಿಮ್ಮದು ಎಂದು ತಾಲ್ಲೂಕಿನಿಂದ ಮಾತು ಬಂದಿತ್ತು.

ಗುಂಡಯ್ಯನ ಮನೆಗೆ ಒಂದು ಗೇಣು ನೆಲವಿರಲಿಲ್ಲ. ಹಸುಗಳಿಗೆ ಹುಲ್ಲು ಬೇಕೆಂದರೆ ಊರೊಳಗಿನ ತಿಮ್ಮಪ್ಪನವರ ಗದ್ದೆ ಬದುವಿಗೆ ಹೋಗಬೇಕು. ಹೋದ ವರ್ಷ ತಿಮ್ಮಪ್ಪನ ಮಗ ಮನು, ಮಲ್ಲಿಗಮ್ಮನ ಕೈಯಿಂದ ಕುಡುಗೋಲು ಕಿತ್ತುಕೊಂಡು ಕಾಲುವೆಗೆ ಎಸೆದಿದ್ದ. ಅಂದಿನಿಂದ ರಂಜಿನಿಗೆ ಒಂದೇ ಆಸೆ: ಯಾರನ್ನೂ ಕೇಳದೆ ಕಾಲಿಡುವಂಥ ಒಂದು ಜಾಗ.

ಆದರೆ ಗುಂಡಯ್ಯನದೂ ಒಂದೇ ಮಾತು. ಅವನಪ್ಪ ಗಣಿ ಆಫೀಸರುಗಳ ಬಂಗಲೆಯ ಕಕ್ಕಸುಗಳಿಂದ ಮಂಕರಿಯಲ್ಲಿ ಮಲ ಹೊತ್ತವನು. ಮಳೆಗಾಲದಲ್ಲಿ ಮಂಕರಿ ಸೋರಿ ಕಿವಿಯ ಹಿಂದೆ ಇಳಿಯುತ್ತಿತ್ತು. ಹುಡುಗ ಗುಂಡಯ್ಯ ಒಂದು ದಿನ ಆ ಮಂಕರಿಗೆ ಬೆಂಕಿ ಹಚ್ಚಿದ. ಅಪ್ಪ ಅವನನ್ನು ಬಾವಿ ಹಗ್ಗದಲ್ಲಿ ಬಡಿದ. ಬಾಸುಂಡೆ ಮಾಯುವ ಮೊದಲೇ ಗುಂಡಯ್ಯ ಗಣಿಗೆ ಕೂಲಿ ಸೇರಿ, ಕಂಪನಿ ಕೊಟ್ಟ ಬಿಳಿ ಎನಾಮೆಲ್ ಮಗ್ಗು ಹಿಡಿದು ಮನೆಗೆ ಬಂದು, "ಈ ಮನೇಲಿ ಇನ್ಯಾವನಾದ್ರೂ ಅದ್ನ ಮುಟ್ಟುದ್ರೆ ಕೈ ಕಡೀತೀನಿ" ಎಂದಿದ್ದ.

ಆ ಮಗ್ಗು ಇನ್ನೂ ಇತ್ತು. ಮುದ್ದೆ ಎಸೆದ ಮಾರನೇ ದಿನ ಶಿವರಾಜು ಸಂಘದ ಬಾಡಿಗೆ ಟ್ರಾಕ್ಟರಿನಲ್ಲಿ ಮೊದಲ ಲೋಡು ತಂದು ಡಂಪಿಗೆ ಸುರಿದು ಬಂದಾಗ, ಗುಂಡಯ್ಯ ಆ ಮಗ್ಗನ್ನು ಕೊಟ್ಟಿಗೆಯ ಸೂರಿಗೆ ಸಿಕ್ಕಿಸುತ್ತಿದ್ದ.

"ಇನ್ಮೇಕೆ ನಿಮ್ಮಿಬ್ರಿಗೂ ನೀರು ಇದ್ರಲ್ಲಿ. ಒಳ್ಗಡೆ ಲೋಟ ಮುಟ್ಟಂಗಿಲ್ಲ. ನನ್ ಹಿಟ್ಟು ಮಲ್ಲಿಗಿ ಬೇಯ್ಸ್ತಾಳೆ, ಬ್ಯಾರೆ ಒಲೇಲಿ."

ರಂಜಿನಿ ಮಗ್ಗನ್ನು ನೋಡಿದಳು. "ಮಾವ, ತಿಮ್ಮಪ್ನೋರ ಕೊಟ್ಗೆ ಸೂರಲ್ಲಿ ನಿಮ್ಗೆ ಕರಟ ಸಿಕ್ಕುಸ್ತಿದ್ರು ಅಂತ ನೀವೇ ಏಳಿದ್ರಿ."

"ಅದು ಬ್ಯಾರೆ."

"ಎಂಗೆ ಬ್ಯಾರೆ?"

"ಅದು ಜಾತಿ. ಇದು ಏಲು."

"ಓ," ಎಂದಳು ರಂಜಿನಿ. ಮಗ್ಗು ಇಳಿಸಿ, ನೀರು ತುಂಬಿಕೊಂಡು ಕುಡಿದು, ಮತ್ತೆ ಸೂರಿಗೆ ಸಿಕ್ಕಿಸಿದಳು. "ಸುಲಬ್ವಾಗಿ ಅರ್ಥಾಯ್ತು ಬುಡಿ."

*

ರಂಜಿನಿ ಅರಕಲಗೂಡು ಕಡೆಯ ಹೆಣ್ಣು. ಒಂದು ಸಲ ಕೇಳಿದ ದನಿ ಅವಳ ಗಂಟಲಲ್ಲಿ ಬಾಡಿಗೆಯಿಲ್ಲದೆ ಉಳಿದುಬಿಡುತ್ತಿತ್ತು. ಡಂಪಿನ ಮೇಲೆ ಗುಂಡಿ ತೋಡಿ, ಕಾಫಿಪುಡಿಯಂಥ ಆ ಕರಿ ಗೊಬ್ಬರವನ್ನು ಮಂಕರಿಯಲ್ಲಿ ಸುರಿದು, ಹೆಂಗಸರು ಸುಸ್ತಾಗಿ ಕೂತರೆ ಅವಳ ಆಟ ಶುರು.

"ಒಳೇನರ್ಸೀಪುರ್ ಒಳೇನರ್ಸೀಪುರ್ ಒಳೇನರ್ಸೀಪುರ್ ರೈಟ್!" ಎಂದು ಕಂಡಕ್ಟರನಂತೆ ಮೂಗಿನಲ್ಲಿ ಕೂಗಿದಳು. "ಚಿಲ್ರೆ ಇಲ್ದಿದ್ರೆ ಇಳೀರಿ, ಚಿಲ್ರೆ ಇದ್ರೆ ಜಾಗ ಇಲ್ಲ!" ಆಮೇಲೆ ದಿವ್ಯಾ ಮೇಡಂ ಆದಳು: "ನೋಡಿ ಅಮ್ಮಾ, ಗ್ಲೌಸ್ ಹಾಕ್ಕೊಳ್ಳಿ, ಬೂಟ್ಸ್ ಹಾಕ್ಕೊಳ್ಳಿ, ಆಮೇಲೆ ನಿಮ್ ಕೈ ಎಲ್ಲಿದೆ ಅಂತ ಹುಡುಕ್ಕೊಳ್ಳಿ."

"ನಿಮ್ಮಾವುನ್ನ ಮಾಡೇ," ಎಂದಳು ಸಂಘದ ಮಾದಮ್ಮ.

ರಂಜಿನಿ ಸೊಂಟಕ್ಕೆ ಕೈಕೊಟ್ಟು, ಒಂದು ಕಾಲು ಎಳೆಯುತ್ತ, ಗಣಿ ದೂಳಿನ ಆ ಒಣ ಕೆಮ್ಮು ಕೆಮ್ಮಿ, ಗಂಟಲು ಕೆರೆದು, "ಅದು ಜಾತಿ, ಇದು ಏಲು!" ಎಂದಳು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಡಂಪಿನ ಬುಡದಲ್ಲಿ ಹಸು ಮೇಯಿಸುತ್ತಿದ್ದ ಗುಂಡಯ್ಯನಿಗೆ ತನ್ನ ಕೆಮ್ಮು ಮೇಲಿನಿಂದ ಕೇಳಿಸಿತು. ಬಗ್ಗಿ ಒಂದು ಕಲ್ಲು ಎತ್ತಿದ. ಅದಿರು ಸೇರಿದ ಕಲ್ಲು, ಕೈಗೆ ಚಿಕ್ಕದು, ತೂಕಕ್ಕೆ ದೊಡ್ಡದು. ಅದು ಹೋಗಿ ರಂಜಿನಿಯ ಹುಬ್ಬಿಗೆ ಬಿತ್ತು. ಅವಳು ಕೂಗಲಿಲ್ಲ. ಕೈಯಿಂದ ಮುಖ ಮುಚ್ಚಿ ಕೂತಳು. ಬೆರಳ ಸಂದಿಯಿಂದ ಇಳಿದ ರಕ್ತ ಗೊಬ್ಬರದ ಮೇಲೆ ಬಿದ್ದು ಕ್ಷಣದಲ್ಲಿ ಇಂಗಿತು.

ಬಾಗೂರಿನ ಡಾಕ್ಟರು ಹೊಲಿಗೆ ಹಾಕುತ್ತ ಕೇಳಿದರು, "ಹೇಗಾಯ್ತಮ್ಮ?"

"ಗುಡ್ಡ ಜಾರ್ತು ಸಾ," ಎಂದಳು ರಂಜಿನಿ.

ಸಂಜೆ ಮನೆಗೆ ಬಂದ ಶಿವರಾಜು ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿ, ಅಪ್ಪನ ಕತ್ತಿಗೆ ಕೈ ಹಾಕಿ ಕಂಬಕ್ಕೆ ಒತ್ತಿದ. ಮುದುಕನ ತಲೆ ಕಂಬಕ್ಕೆ ಎರಡು ಸಲ ಬಡಿಯಿತು. ಗುಂಡಯ್ಯ ಮಗನ ಹೊಟ್ಟೆಗೆ ಮೊಣಕಾಲಿನಿಂದ ಗುದ್ದಿದ. ಇಬ್ಬರೂ ನೀರಿನ ಹಂಡೆಯ ಮೇಲೆ ಬಿದ್ದರು. ಹಂಡೆ ಉರುಳಿ, ನೀರು ಎರಡೂ ಒಲೆಗಳನ್ನು ಆರಿಸಿತು.

"ಎತ್ತಪ್ಪನ ಕತ್ತು ಇಸುಕ್ತೀಯೇನ್ಲಾ?" ಎನ್ನುತ್ತ ಮಲ್ಲಿಗಮ್ಮ ಪೊರಕೆಯಿಂದ ಮಗನಿಗೆ ಬಾರಿಸಿದಳು. ಆಮೇಲೆ ತಿರುಗಿ ಗಂಡನಿಗೂ ಬಾರಿಸಿದಳು. "ಎಣ್ಣೆಂಗ್ಸಿನ್ ಮಕಕ್ಕೆ ಕಲ್ಲೊಡೀತೀಯಾ? ಕಣ್ಣೋಗಿದ್ರೆ ನೀನು ಕಿತ್ತು ಕೊಡ್ತಿದ್ದಾ?"

"ನನ್ನಂಗೆ ಕೆಮ್ಮಿದ್ಲು."

"ಕೆಮ್ಮುದ್ರೆ ಔಸ್ದಿ ಕುಡುಸ್ತಾರೆ. ಕಲ್ಲೊಡೆಯಲ್ಲ."

ಆ ರಾತ್ರಿ ಮನೆಯಲ್ಲಿ ಯಾರಿಗೂ ಹಿಟ್ಟಿಲ್ಲ. ಬೆಳಗ್ಗೆ ರಂಜಿನಿ ಹುಬ್ಬಿಗೆ ಪಟ್ಟಿ ಕಟ್ಟಿಕೊಂಡು, ಸೂರಿನ ಮಗ್ಗಿನಲ್ಲಿ ನೀರು ಕುಡಿದು, ಗುದ್ದಲಿ ಹೆಗಲಿಗೇರಿಸಿ ಡಂಪಿಗೆ ಹೋದಳು.

*

ಮನುವಿಗೆ ಆ ಡಂಪು ಬೇಕಾಗಿತ್ತು. ಕಲ್ಲು ಒಡೆದು ಜಲ್ಲಿ ಮಾಡುವ ಕ್ರಷರ್ ಹಾಕಬೇಕೆಂದು ಎರಡು ವರ್ಷದಿಂದ ತಾಲ್ಲೂಕು ಆಫೀಸಿಗೆ ಅಲೆಯುತ್ತಿದ್ದ. ಗುಡ್ಡ ಹಸಿರಾದರೆ ಅವನ ಜಲ್ಲಿ ಬರೀ ಕನಸಾಗಿ ಉಳಿಯುತ್ತಿತ್ತು.

ಆರನೆಯದೋ ಏಳನೆಯದೋ ಲೋಡು ತರುವಾಗ ಅವನು ಊರಬೀದಿಯಲ್ಲಿ ಟ್ರಾಕ್ಟರಿಗೆ ಬೈಕು ಅಡ್ಡ ನಿಲ್ಲಿಸಿದ.

"ಏನ್ಲಾ ಶಿವ, ನಮ್ ಬೀದೀಲಿ ಗಬ್ಬು ತುಂಬ್ಕ ಓಯ್ತಿದ್ದೀಯ?"

"ಮೂಸಿ ನೋಡಿ ಮನು ಅವ್ರೇ. ವಾಸ್ನೆ ಬಂದ್ರೆ ವಾಪಸ್ ತಗಂಡೋಯ್ತೀನಿ."

"ನಾನ್ ಮೂಸ್ಬೇಕಾ?" ಮನು ಶಿವರಾಜುವನ್ನು ಸೀಟಿನಿಂದ ಕಾಲು ಹಿಡಿದು ಎಳೆದು ಕೆಡವಿದ. ಎದೆಗೆ ಒದ್ದ. ಅವನ ಜೊತೆಗಿದ್ದ ಇಬ್ಬರು ಕೈ ತಿರುಚಿ ಹಿಡಿದರು. ಮನು ಟ್ರೈಲರಿನ ಟಯರಿಗೆ ಕುಡುಗೋಲಿನ ಮೊನೆ ಹಾಕಿ ಸೀಳಿದ. ಗಾಳಿ ಹೋಗುವ ಸದ್ದಿಗೆ ಬೀದಿಯ ನಾಯಿಗಳು ಬೊಗಳಿದವು. "ತಾತನ ಕೆಲ್ಸ ಮೊಮ್ಮಗ ಇಡ್ದವ್ನೆ. ಮಂಕರಿ ಓಯ್ತು, ಟ್ರಾಕ್ಟ್ರು ಬಂತು. ಬಾರಿ ಮುಂದ್ವರ್ದಿದ್ದೀರಿ ಕಣ್ರಲಾ!"

ಆ ಮಾತು ಗುಂಡಯ್ಯನ ಕಿವಿಗೆ ಬೀಳಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಮಗ ತುಟಿ ಒಡೆದುಕೊಂಡು ಬಂದಾಗ ಮುದುಕ ಜಗಲಿಯಿಂದ ಏಳಲಿಲ್ಲ.

"ಅವ್ನು ಒಡ್ದಿದ್ದು ತಪ್ಪಲ್ಲ. ನೀನು ಒಡುಸ್ಕಂಡಿದ್ದು ತಪ್ಪು. ಅವ್ನ ಬಾಯಿಗೆ ಆ ಮಾತು ಕೊಟ್ಟೋನು ನೀನು."

ಶಿವರಾಜು ಬಾಯಿಂದ ರಕ್ತ ಉಗುಳಿದ. ಸೂರಿನಿಂದ ಮಗ್ಗು ಇಳಿಸಿ ಬಾಯಿ ಮುಕ್ಕಳಿಸಿದ.

*

ಮಳೆ ಬಂತು. ಹತ್ತಿಪ್ಪತ್ತು ವರ್ಷ ಕರ್ರಗೆ ಕೂತಿದ್ದ ಗುಡ್ಡದ ಮೇಲೆ ಮೊದಲು ಹಸಿರು ಹೊಗೆಯಂತೆ ಕಂಡಿತು. ನೋಡುನೋಡುತ್ತ ಹೊಗೆ ಹುಲ್ಲಾಯಿತು. ಲಾವಂಚ ಬುಡ ಹಿಡಿಯಿತು. ಹೊಂಗೆ ಎರಡು ಎಲೆ ಬಿಟ್ಟಿತು. ರಂಜಿನಿ ದಿನಾ ಬೆಳಗ್ಗೆ ಹೋಗಿ, ತವರಿನ ಮಗುವಿನ ತಲೆ ಸವರುವಂತೆ ಹುಲ್ಲಿನ ಮೇಲೆ ಕೈಯಾಡಿಸಿ ಬರುತ್ತಿದ್ದಳು. ಮಲ್ಲಿಗಮ್ಮನೂ ಕದ್ದು ಹೋಗಿ ನೋಡಿ ಬಂದಳು. ಗುಂಡಯ್ಯ ಮಾತ್ರ ಹಸುವನ್ನು ಇನ್ನೊಂದು ದಾರಿಯಲ್ಲಿ ಹೊಡೆದುಕೊಂಡು ಹೋಗುತ್ತಿದ್ದ.

ಯಾರೂ ಹಾಕದ ಒಂದು ಗಿಡವೂ ಬಂತು. ಹುಲ್ಲಿನ ನಡುವೆ ಎಲ್ಲೆಂದರಲ್ಲಿ ಟೊಮೇಟೊ! ಒಂದೆರಡಲ್ಲ, ಗುಡ್ಡಕ್ಕೆ ಗುಡ್ಡವೇ ಕೆಂಪಾಗುವಷ್ಟು.

"ಪಟ್ಟಣದವರು ತಿಂದ ಟೊಮೇಟೊ," ಎಂದರು ದಿವ್ಯಾ ಮೇಡಂ. "ಬೀಜ ಹೊಟ್ಟೇಲೂ ಕರಗಲ್ಲ, ಶುದ್ಧಿ ಘಟಕದಲ್ಲೂ ಸಾಯಲ್ಲ. ಕಿತ್ತು ಗುಂಡಿಗೆ ಹಾಕಿಬಿಡಿ. ಯಾರೂ ತಿನ್ನಬಾರದು. ಅಡೀಲಿ ಇರೋದು ಗಣಿ ಮಣ್ಣು, ವಿಷದ ಲೋಹ ಇದೆ. ಹುಲ್ಲು ದನಕ್ಕೆ ಆಗುತ್ತೆ ಅಂತ ಲ್ಯಾಬಿನವರು ಹೇಳಿದ್ದಾರೆ, ಹಣ್ಣು ಮಾತ್ರ ಮುಟ್ಟಬೇಡಿ."

ಸಂತೆಯಲ್ಲಿ ಟೊಮೇಟೊ ಬೆಲೆ ಕೇಳಿ ಜನ ಹುಣಸೇಹಣ್ಣಿಗೆ ಮರಳಿದ್ದ ದಿನಗಳು. ಹೆಂಗಸರು ಹೊಟ್ಟೆ ಉರಿಸಿಕೊಂಡೇ ಕೀಳಲು ಶುರು ಮಾಡಿದರು. ಅವರು ಬುಡದ ಕಡೆಯಿಂದ ಕೀಳುತ್ತಿದ್ದರೆ, ಬೆಳಕು ಹರಿಯುವ ಮೊದಲು ಮೇಲಿನ ಕಡೆಯಿಂದ ಇನ್ಯಾರೋ ಕೀಳುತ್ತಿದ್ದರು. ಅಲ್ಲಿ ಪಿಕಪ್ ಗಾಡಿಯ ಚಕ್ರದ ಗುರುತಿತ್ತು. ಊರಿನಲ್ಲಿ ಪಿಕಪ್ ಇದ್ದದ್ದು ಮನುವಿಗೆ.

ಮಲ್ಲಿಗಮ್ಮನೂ ಒಂದು ಮಡಿಲು ತುಂಬಿಕೊಂಡು ಬಂದಿದ್ದಳು. ಅವಳು ವಿಷ ಎಂಬ ಮಾತನ್ನು ಕೇಳಿಸಿಕೊಂಡಿರಲಿಲ್ಲವೆಂದಲ್ಲ. ಇಷ್ಟು ಕೆಂಪಗಿರುವುದು ಸುಳ್ಳು ಹೇಳುತ್ತದೆಯೇ ಎಂದುಕೊಂಡಳು. ಗಂಡನಿಗೆ ಟೊಮೇಟೊ ಗೊಜ್ಜೆಂದರೆ ಪ್ರಾಣ, ಅವನ ಬಾಯಿಗೆ ಬಿದ್ದು ಎಷ್ಟು ದಿನವಾಯಿತೋ.

ಆ ದಿನ ರಂಜಿನಿ ಡಂಪಿನಲ್ಲಿದ್ದಳು. ಶಿವರಾಜು ಟ್ರಾಕ್ಟರ್ ರಿಪೇರಿಗೆಂದು ಹಾಸನಕ್ಕೆ ಹೋಗಿದ್ದ. ಗುಂಡಯ್ಯ ತನ್ನ ಪ್ರತ್ಯೇಕ ಒಲೆಯ ಮುಂದೆ ಕೂತು ಬಿಸಿಮುದ್ದೆಗೆ ಗೊಜ್ಜು ಅದ್ದಿ ನುಂಗಿದ. ಕಣ್ಣು ಮುಚ್ಚಿದ.

"ಎಲ್ಲಿಂದು ಅಣ್ಣು?"

"ಬಾಗೂರು ಸಂತೇದು."

"ಎಂಥಾ ಉಳಿ! ಇನ್ನೊಂಚೂರು ಆಕು."

ಅವಳು ಹಾಕಿದಳು. ಅವನು ಬೆರಳು ನೆಕ್ಕಿದ. ಆಗ ಬೀದಿಯಲ್ಲಿ ಪಂಚಾಯ್ತಿಯ ಆಟೋ ಮೈಕು ಬಂತು: "ಸಾರ್ವಜನಿಕರ ಗಮನಕ್ಕೆ! ಗಣಿಗುಡ್ಡದ ಮೇಲೆ ಕೊಳಚೆ ಗೊಬ್ಬರದಲ್ಲಿ ತಾನಾಗಿ ಬೆಳೆದ ಟೊಮೇಟೊವನ್ನು ಕೆಲವರು ಕದ್ದು ಸಾಗಿಸಿರುವುದು ಕಂಡುಬಂದಿದೆ! ಅದನ್ನು ಯಾರೂ ತಿನ್ನಬಾರದಾಗಿ, ತಿಂದವರು ಆಸ್ಪತ್ರೆಗೆ ತೋರಿಸಬೇಕಾಗಿ..."

ಬೆರಳು ಬಾಯಲ್ಲೇ ನಿಂತಿತು. ಗುಂಡಯ್ಯ ಹೆಂಡತಿಯ ಕಡೆ ನೋಡಿದ. ಮಲ್ಲಿಗಮ್ಮ ಒಲೆಯ ಕಡೆ ನೋಡಿದಳು.

"ಬಾಗೂರು ಸಂತೇದು ಅಂದೆ?"

ಗುಂಡಯ್ಯ ಗೊಜ್ಜಿನ ಪಾತ್ರೆಯನ್ನು ಒಲೆಯ ಮೇಲಿನಿಂದಲೇ ಒದ್ದ. ಕುದಿಯುತ್ತಿದ್ದ ಗೊಜ್ಜು ಮಲ್ಲಿಗಮ್ಮನ ಮುಂಗೈಗೆ ಬಿತ್ತು. ಅವಳ ಚೀರಾಟಕ್ಕೆ ಪಕ್ಕದ ಮನೆಯವರು 'ಏನಾಯ್ತು' ಎಂದು ಓಡಿಬಂದರು. ಅಷ್ಟರಲ್ಲಿ ಅವನು ಅವಳ ಕೆನ್ನೆಗೂ ಒಂದು ಬಿಟ್ಟು, ಕೊಟ್ಟಿಗೆಯ ಗಳುವಿನಿಂದ ಮಚ್ಚು ಎಳೆದುಕೊಂಡಿದ್ದ.

"ನನ್ ಒಟ್ಟೇಗೇ ಆಕ್ಬುಟ್ರು. ನಮ್ಮಪ್ಪ ತಲೆ ಮೇಲೆ ಒತ್ತಿದ್ದ, ನನ್ ಒಟ್ಟೇಗಾಕಿದ್ರು! ಒಂದ್ ಗಿಡ ಉಳ್ಸಲ್ಲ ಇವತ್ತು!"

ಅದೇ ಹೊತ್ತಿಗೆ ಊರೊಳಗೆ ತಿಮ್ಮಪ್ಪನವರ ಮನೆಯಲ್ಲಿ ಹಿರಿಯರ ತಿಥಿಯ ಎಲೆ ಹಾಕಿತ್ತು. ಮನು ಪಿಕಪ್ಪಿನಲ್ಲಿ ಸಂತೆಗೆ ಸಾಗಿಸಿ ಮಿಕ್ಕಿದ್ದ ಒಂದು ಬುಟ್ಟಿ ಟೊಮೇಟೊ ಸಾರಿಗೂ ಗೊಜ್ಜಿಗೂ ಬಿದ್ದಿತ್ತು. ಮೈಕು ಆ ಬೀದಿಗೂ ಹೋಯಿತು. ಅಡುಗೆ ಮಾಡಿಸಿದ್ದ ಅವನ ತಾಯಿ ಪುಟ್ಟತಾಯಮ್ಮ ಎಲೆಯ ಮುಂದೆಯೇ ವಾಂತಿ ಮಾಡಿಕೊಂಡರು. ಬಂದ ನೆಂಟರು ಎದ್ದರು. ಎಲ್ಲರೂ ಮನುವಿನ ಮುಖ ನೋಡಿದರು.

"ಕೇರಿಯೋರು ಬೇಕಂತ ಮಾರವ್ರೆ," ಎಂದ ಮನು. "ನಮ್ಗೆ ಅದ್ನ ತಿನ್ಸಕ್ಕೆ ಅಂತ್ಲೇ ಮಾರವ್ರೆ!"

ಕಳ್ಳತನ ಮುಚ್ಚಲು ಅವನಿಗೆ ಸಿಕ್ಕ ಮುಚ್ಚಳ ಅದೊಂದೇ.

*

ಹಿಡಿದು ಕೂರಿಸಿದ್ದ ನೆರೆಯವರಿಂದ ಸಂಜೆಗೆ ಬಿಡಿಸಿಕೊಂಡು ಗುಂಡಯ್ಯ ಏದುತ್ತ ಡಂಪು ಹತ್ತಿದಾಗ ಅಲ್ಲಿ ಅವನಿಗಿಂತ ಮೊದಲೇ ಜೆಸಿಬಿ ಹತ್ತಿತ್ತು. ಅದರ ಬಾಯಿ ಹುಲ್ಲನ್ನೂ ಹೊಂಗೆಯನ್ನೂ ಗೊಬ್ಬರದ ಸಮೇತ ಬಾಚಿ ಬಾಚಿ ಕೆಳಗೆ ಉರುಳಿಸುತ್ತಿತ್ತು. ಅರ್ಧ ಗುಡ್ಡ ಮತ್ತೆ ಕಪ್ಪಾಗಿತ್ತು. ಮನು ಮತ್ತು ಮೂರು ಜನ ರಾಡು ಹಿಡಿದು ನಿಂತಿದ್ದರು. ಹೆಂಗಸರು ಚದುರಿ ಕೂಗುತ್ತಿದ್ದರು. ರಂಜಿನಿ ಒಬ್ಬಳೇ ಜೆಸಿಬಿಯ ಮುಂದೆ, ಗುದ್ದಲಿ ಅಡ್ಡ ಹಿಡಿದು ನಿಂತಿದ್ದಳು.

"ಪಕ್ಕಕ್ಕೋಗೆ!"

"ಕದ್ದು ತಿಂದೋರು ನೀವು. ಕಕ್ಕೋದಿದ್ರೆ ನಿಮ್ಮನೇಲಿ ಕಕ್ರಿ. ಇಲ್ಯಾಕೆ ಬಂದ್ರಿ?"

ಮನು ಗುದ್ದಲಿ ಕಿತ್ತುಕೊಂಡು ಅದರ ಕಾವಿನಿಂದಲೇ ಅವಳ ಮುಖಕ್ಕೆ ಬೀಸಿದ. ಮಾಯ್ದಿದ್ದ ಹುಬ್ಬಿನ ಗಾಯ ಮತ್ತೆ ಬಿಚ್ಚಿಕೊಂಡಿತು. ಅವಳು ಮೊಣಕಾಲೂರಿದಳು. ಆದರೂ ಅಲ್ಲಿಂದ ಸರಿಯಲಿಲ್ಲ.

ಆಗ ಮನು ಮುದುಕನನ್ನು ನೋಡಿದ. ಅವನ ಕೈಯ ಮಚ್ಚನ್ನೂ ನೋಡಿ ಒಂದು ಹೆಜ್ಜೆ ಹಿಂದಿಟ್ಟ.

"ಬುದ್ಧೀ," ಎಂದ ಗುಂಡಯ್ಯ, ಉಸಿರು ಸಿಗದೆ. "ಇದು ನಮ್ಮನೆ ಜಗ್ಳ. ಈ ಗಿಡ ಕಡ್ಯಕ್ಕೇ ಬಂದಿವ್ನಿ. ನಾನೇ ಕಡ್ದಾಕ್ತೀನಿ. ನೀವು ಮಿಸ್ನು ತಗಂಡು ಓಗಿ ಬುದ್ಧಿ."

ಮನುವಿನ ಮುಖ ಅರಳಿತು. "ಅಂಗನ್ನು ಮತ್ತೆ! ಬಾ ಬಾ. ನೋಡ್ರಲಾ, ಮರ್ಯಾದಸ್ತ ಅಂದ್ರೆ ಇವ್ನು." ಅವನು ಗುಂಡಯ್ಯನ ಹೆಗಲು ತಟ್ಟಿದ. "ಸೊಸೇಗೆ ಸೂರಲ್ಲಿ ಬ್ಯಾರೆ ಮಗ್ಗು ಮಡಗಿದ್ದೀಯಂತಲ್ಲೋ ಗುಂಡ. ಊರೆಲ್ಲಾ ಅದೇ ಮಾತು. ನಮ್ಮಜ್ಜಿ ಇದ್ದಿದ್ರೆ ಎಷ್ಟು ಖುಸಿ ಪಡೋಳು! ನಮ್ ಕೊಟ್ಗೇಲಿ ಕರಟದಲ್ಲಿ ಕುಡ್ದಿದ್ದು ದಂಡ ಆಗ್ಲಿಲ್ಲ ಬುಡು. ನಮ್ಮನೆ ಪದ್ಧತಿ ಸರ್ಯಾಗಿ ಕಲ್ತ್ಕಂಡಿದ್ದೀಯ."

ಅವನ ಜೊತೆಯವರು ನಕ್ಕರು.

ಗುಂಡಯ್ಯ ತನ್ನ ಹೆಗಲ ಮೇಲಿದ್ದ ಆ ಕೈಯನ್ನು ನೋಡಿದ. ಆಮೇಲೆ ಮೊಣಕಾಲೂರಿದ್ದ ಸೊಸೆಯನ್ನು ನೋಡಿದ. ಅವಳೂ ಅವನನ್ನೇ ನೋಡುತ್ತಿದ್ದಳು, ಒಂದು ಕಣ್ಣಿನಿಂದ. ಇನ್ನೊಂದು ರಕ್ತದಲ್ಲಿ ಮುಚ್ಚಿತ್ತು.

ಅವನು ಮಚ್ಚನ್ನು ಹಿಂದಕ್ಕೆ, ದೂರಕ್ಕೆ ಎಸೆದ. ಶರಣಾದ ಎಂದುಕೊಂಡರು ಎಲ್ಲರೂ. ಗುಂಡಯ್ಯ ಬಗ್ಗಿ, ಜೆಸಿಬಿ ಕೆದರಿದ್ದ ಕರಿ ಗೊಬ್ಬರದ ರಾಶಿಗೆ ಎರಡೂ ಕೈ ಹೂತು ಬಾಚಿದ. ಎದ್ದವನೇ ಎಡಗೈಯಿಂದ ಮನುವಿನ ಕೂದಲು ಹಿಡಿದು ಹಿಂದಕ್ಕೆಳೆದು, ಬಲಗೈಯದನ್ನು ಅವನ ಬಾಯಿಗೆ ತುರುಕಿದ.

"ತಿನ್ಲಾ! ಅಣ್ಣು ತಿಂದ್ಯಲ್ಲ, ಬುಡಾನೂ ತಿನ್ನು! ತಿನ್ಲಾ ಬೋಳಿಮಗನೆ!"

ಸುತ್ತಿಗೆಯ ತೋಳು. ಮನು ಬಿದ್ದ. ಮುದುಕ ಅವನ ಎದೆಯ ಮೇಲೆ ಕೂತು ಇನ್ನೊಂದು ಹಿಡಿ ತುಂಬಿದ, ಮತ್ತೊಂದು ತುಂಬಿದ. ಮೊದಲ ರಾಡು ಅವನ ಬೆನ್ನಿಗೆ ಬಿತ್ತು. ಎರಡನೆಯದು ಪಕ್ಕೆಗೆ. ಮೂರನೆಯದಕ್ಕೆ ಬಲಗೈ ಕೊಂಬೆಯಂತೆ ಮುರಿಯಿತು. ಆ ಸದ್ದು ಕೇಳಿ ರಂಜಿನಿ ಎದ್ದಳು. ಬಿದ್ದಿದ್ದ ಗುದ್ದಲಿ ಎತ್ತಿ, ರಾಡು ಹಿಡಿದವನ ಕಾಲಿಗೆ ಬೀಸಿದಳು. ಅವನು ಉರುಳಿದ. ಮಾದಮ್ಮ ಕಲ್ಲು ಎತ್ತಿದಳು. ಎಲ್ಲ ಹೆಂಗಸರೂ ಎತ್ತಿದರು. ಆ ಗುಡ್ಡದಲ್ಲಿ ಕಲ್ಲಿಗೆ ಎಂದೂ ಬರವಿರಲಿಲ್ಲ. ಜೆಸಿಬಿಯ ಗಾಜು ಪುಡಿಯಾಯಿತು. ಡ್ರೈವರ್ ಹಾರಿ ಓಡಿದ. ಮನುವನ್ನು ಅವನವರು ಕಾಲು ಹಿಡಿದು ಎಳೆದುಕೊಂಡು ಹೋದರು.

ಆಂಬುಲೆನ್ಸಿನಲ್ಲಿ ಮಾವ ಮಲಗಿದ್ದ, ಸೊಸೆ ಪಕ್ಕದಲ್ಲಿ ತಲೆ ಹಿಡಿದು ಕೂತಿದ್ದಳು. ಚನ್ನರಾಯಪಟ್ಟಣ ದಾಟುವಾಗ ಗುಂಡಯ್ಯ ಎಡಗೈಯನ್ನು ಮೂಗಿನ ಹತ್ತಿರ ತಂದ. ಇನ್ನೊಂದು ಸಲ ತಂದ.

"ಅಮ್ಮೀ, ಇದ್ರಲ್ಲಿ ವಾಸ್ನೆ ಇಲ್ವಲ್ಲ."

"ಇಲ್ಲ."

"ನಮ್ಮಪ್ಪ ಮೈ ತೊಳ್ಕಂಡ್ ಬಂದ್ರೂ ವಾಸ್ನೆ ಓಯ್ತಿರ್ಲಿಲ್ಲ. ಇದು ಮಳೆ ಬಿದ್ದ ಒಲದಂಗೆ ಐತೆ."

"ಕಲ್ಲೊಡೆಯೋಕೆ ಮುಂಚೆ ಮೂಸಿ ನೋಡ್ಬೌದಾಗಿತ್ತು ಮಾವ," ಎಂದಳು ರಂಜಿನಿ. ಹಾಸನದ ಆಸ್ಪತ್ರೆ ಬರುವ ತನಕ ಹುಬ್ಬಿಗೆ ಸೆರಗು ಒತ್ತಿ ಹಿಡಿದಿದ್ದಳು.

*

ಕೇಸಾಯಿತು. ಮನುವಿನ ಮೇಲೆ ಜಾತಿ ನಿಂದನೆ, ಕಳವು, ಹಲ್ಲೆ. ಗುಂಡಯ್ಯನ ಮೇಲೂ ಒಂದು ಎದುರು ಕೇಸು. ಗೊಬ್ಬರ ತಿನ್ನಿಸಿದ್ದನ್ನು ಯಾವ ಸೆಕ್ಷನ್ನಿಗೆ ಹಾಕುವುದೆಂದು ಪೊಲೀಸರು ತಲೆ ಕೆರೆದುಕೊಂಡರು. ಮನು ಜಾಮೀನು ಸಿಗದೆ ಒಳಗಿದ್ದ.

ಗುಂಡಯ್ಯ ಬಲಗೈಗೆ ಹೆಗಲವರೆಗೂ ಪ್ಲಾಸ್ಟರು ಹಾಕಿಸಿಕೊಂಡು ಮನೆಗೆ ಬಂದ. ಎಡಗೈಯಲ್ಲಿ ಮುದ್ದೆ ಮುರಿಯಲು ಬರಲಿಲ್ಲ. ಹೆಂಡತಿಯ ಕಡೆ ನೋಡಿದ.

"ನಾನ್ ತಿನ್ಸಲ್ಲ," ಎಂದಳು ಮಲ್ಲಿಗಮ್ಮ. ಬೊಬ್ಬೆ ಒಡೆದು ಕೆಂಪಾಗಿದ್ದ ಮುಂಗೈ ತೋರಿಸಿದಳು. "ನನ್ ಕೈ ಬೆಂದೋಗದೆ. ಯಾರ್ ಬೇಯ್ಸಿದ್ದು ಅಂತ ನೆಪ್ಪು ಮಾಡ್ಕಂಡು ಉಪಾಸ ಬಿದ್ದಿರು."

ಶಿವರಾಜು ತಲೆ ಬಗ್ಗಿಸಿ ತನ್ನ ಪಾಡಿಗೆ ಉಣ್ಣುತ್ತಿದ್ದ. ಕೊನೆಗೆ ರಂಜಿನಿ ತಟ್ಟೆ ಎಳೆದುಕೊಂಡಳು. ಮುದ್ದೆ ಮುರಿದು, ಸೊಪ್ಪಿನ ಸಾರಿಗೆ ಅದ್ದಿ, ಅವನ ಬಾಯಿಯ ಮುಂದೆ ಹಿಡಿದಳು. ಅವಳ ಉಗುರ ಸಂದಿಯಲ್ಲಿ ಬೆಳಗಿನ ಕೆಲಸದ ಕರಿ ಗೆರೆ ಇತ್ತು. ಅವನು ಅದನ್ನು ನೋಡಿದ. ಅವಳೂ ಅವನು ನೋಡಿದ್ದನ್ನು ನೋಡಿದಳು. ಕೈ ಹಿಂದಕ್ಕೆ ತೆಗೆಯಲಿಲ್ಲ.

ಗುಂಡಯ್ಯ ಬಾಯಿ ತೆರೆದ.

"ಅಯ್ಯೋ, ಬೆಳ್ಳು! ಮುದ್ದೆ ನುಂಗ್ಬೇಕು ಮಾವ, ಬೆಳ್ಳು ಕಡೀಬಾರ್ದು."

"ಕೈ ಕಡೀತೀನಿ ಅಂತ ಅವತ್ತೇ ಏಳಿದ್ನಲ್ಲಮ್ಮಿ," ಎಂದ ಗುಂಡಯ್ಯ. ಮಲ್ಲಿಗಮ್ಮ ಅತ್ತ ತಿರುಗಿ ನಕ್ಕಳು. ಇತ್ತ ತಿರುಗಿದಾಗ ಮುಖ ಮತ್ತೆ ಗಂಟಾಗಿತ್ತು.

ದಸರಾಕ್ಕೆ ತಾಲ್ಲೂಕಿನವರು ಬಂದು ಗುಡ್ಡ ಸುತ್ತಿದರು. ಹಸಿರು ಉಳಿದಿದ್ದ ಅರ್ಧ ಸಂಘಕ್ಕೆ ಎಂದರು. ಕಿತ್ತುಹೋದ ಅರ್ಧವನ್ನು ಮುಂದಿನ ಮಳೆಗಾಲ ಮತ್ತೆ ಹಿಡಿಸಿ ತೋರಿಸಿ ಎಂದರು. ಅಂದು ಸಂಜೆ ಮನೆಯ ಹಸುಗಳು ಮೊದಲ ಸಲ, ಯಾರ ಬದುವಿನದೂ ಅಲ್ಲದ ಹುಲ್ಲು ತಿಂದವು.

ಮರುದಿನ ಮಧ್ಯಾಹ್ನದ ಬಿಸಿಲಲ್ಲಿ ತಿಮ್ಮಪ್ಪ ನಡೆದು ಬಂದ. ಅವನು ಕೇರಿಯೊಳಗೆ ಕಾಲಿಟ್ಟದ್ದನ್ನು ಯಾರೂ ಅದುವರೆಗೆ ಕಂಡಿರಲಿಲ್ಲ. ಜಗಲಿಯ ತುದಿಯಲ್ಲಿ, ಅರ್ಧ ಕೂತಂತೆ ಅರ್ಧ ಎದ್ದಂತೆ ಕೂತ.

"ಗುಂಡಯ್ಯ, ಉಡುಗ್ರು ಏನೋ ಮಾಡ್ಕಂಡವೆ. ಕೇಸು ವಾಪಸ್ ತಗಂಡ್ರೆ ನಮ್ ಬದೀನ ಉಲ್ಲು ಎಂದಿನಂಗೆ ಕೂಯ್ಕಳಿ. ಆ ಗುಡ್ಡದ ತಂಟೇಗೂ ನಮ್ಮೋರು ಬರಲ್ಲ. ಇಲ್ದಿದ್ರೆ ನಂಗೂ ಕೈ ಕಟ್ಟಾಕ್ದಂಗೆ ಆಯ್ತದೆ. ಅವ್ನ ಸ್ನೇಹಿತ್ರು ಸರಿ ಇಲ್ಲ."

ಮಲ್ಲಿಗಮ್ಮ ಸ್ಟೀಲ್ ಲೋಟದಲ್ಲಿ ನೀರು ತಂದು ಅವನ ಪಕ್ಕದಲ್ಲಿಟ್ಟಳು.

"ಈಗ್ತಾನೆ ಕುಡ್ಕ ಬಂದೆ ಕಣಮ್ಮ," ಎಂದ ತಿಮ್ಮಪ್ಪ, ಒಣ ತುಟಿ ಸವರಿಕೊಂಡು.

ಗುಂಡಯ್ಯ ಕೊಟ್ಟಿಗೆಯ ಸೂರಿನ ಕಡೆ ಗದ್ದ ಎತ್ತಿದ. "ಅಮ್ಮೀ, ಆ ಮಗ್ಗು ಇಳ್ಸು."

ರಂಜಿನಿಯ ಕಣ್ಣು ಮಿನುಗಿತು. ಹುಬ್ಬಿನ ಗಾಯದ ಗೆರೆ ಮೇಲೆದ್ದಿತು. "ಇವ್ರಿಗಾ ಮಾವ?"

"ನಂಗೆ."

ಅವಳು ತುಂಬಿ ಕೊಟ್ಟಳು. ಗುಂಡಯ್ಯ ಎಡಗೈಯಲ್ಲಿ ಹಿಡಿದು, ಎತ್ತಿ ಹೊಯ್ದುಕೊಳ್ಳದೆ, ಅಂಚಿಗೆ ತುಟಿ ಹಚ್ಚಿ ಗಟಗಟನೆ ಕುಡಿದ. ನೀರು ಗದ್ದದಿಂದ ಪ್ಲಾಸ್ಟರಿನ ಮೇಲೆ ಹನಿಯಿತು. ಖಾಲಿ ಮಗ್ಗನ್ನು ತಿಮ್ಮಪ್ಪನ ಮುಂದೆ ಟಣ್ಣೆಂದು ಇಟ್ಟ.

"ಕೇಸು ನಡೀಲಿ, ತಿಮ್ಮಪ್ಪ."

'ಬುದ್ಧೀ' ಇಲ್ಲ, ಬಹುವಚನ ಇಲ್ಲ, ಬರೀ ಹೆಸರು. ತಿಮ್ಮಪ್ಪನ ಬಾಯಿ ತೆರೆಯಿತು. ಬಿಸಿಲಲ್ಲಿ ನಡೆದು ಬಂದ ನಾಲಿಗೆ ಒಣಗಿತ್ತು. ಕೈ ತಾನಾಗಿ ಪಕ್ಕದ ಸ್ಟೀಲ್ ಲೋಟಕ್ಕೆ ಹೋಯಿತು, ಎತ್ತಿತು, ಬಾಯಿಗೆ ಸುರಿಯಿತು. ಬಾಯಿ ತುಂಬಿದ ಮೇಲೆ ಅದು ಯಾರ ಮನೆಯ ನೀರೆಂದು ಅವನಿಗೆ ನೆನಪಾಯಿತು. ಕೆನ್ನೆ ಉಬ್ಬಿಸಿಕೊಂಡು, ಉಗುಳಲು ಜಾಗಕ್ಕಾಗಿ ಅತ್ತಿತ್ತ ನೋಡಿದ. ಮನೆಯ ನಾಲ್ಕೂ ಜನ ಅವನನ್ನೇ ನೋಡುತ್ತಿದ್ದರು. ಕೊಟ್ಟಿಗೆಯ ಹಸುಗಳೂ ತಿರುಗಿ ನೋಡುತ್ತಿದ್ದವು.

ನುಂಗಿದ.